ಶ್ರೀಗಂಧದ ವಂಶಚರಿತ್ರೆ: ರಾಜವೃಕ್ಷದಿಂದ ಒಂಟಿಮರದವರೆಗೆ

ಶ್ರೀಗಂಧದ ಇತಿಹಾಸವನ್ನು ನಾವು ಬಹುಮಟ್ಟಿಗೆ ತೂಕದ ಲೆಕ್ಕದಲ್ಲಿಯೇ ಬರೆದುಕೊಂಡು ಬಂದಿದ್ದೇವೆ. ಬೊಕ್ಕಸಕ್ಕೆ ಸಂದ ವರಮಾನ, ಹರಾಜಾದ ಕೊರಡು, ಬಟ್ಟಿಯಿಳಿಸಿದ ಎಣ್ಣೆ ಇವು ಅದರ ಮುಖ್ಯ ವಿವರಗಳು. ಕಡಿಯದೆ ಉಳಿದ ಮರ ಯಾವ ಮರದ ಪರಾಗವನ್ನು ಪಡೆದು ಬೀಜ ಕಟ್ಟಿತು ಎಂಬ ಪ್ರಶ್ನೆ ಈ ಚರಿತ್ರೆಯಲ್ಲಿ ಅಪರೂಪ. ಆದರೆ ಒಂದು ವೃಕ್ಷಕುಲದ ಮುಂದುವರಿಕೆ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ. ಎರಡು ಶತಮಾನಗಳ ರಾಜ್ಯನೀತಿ, ರೋಗ ಮತ್ತು ಕಳವು ಶ್ರೀಗಂಧದ ಸಂತಾನಕ್ರಮವನ್ನು ಹೇಗೆ ಬಾಧಿಸಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಮರದ ಸ್ವಭಾವವನ್ನು ನೋಡಬೇಕು. ಶ್ರೀಗಂಧ ಅರೆಪರಾವಲಂಬಿ, ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಆಹಾರಾಂಶವನ್ನು ಹೀರುತ್ತದೆ. ಇದನ್ನು 1871ರಲ್ಲಿ ಜಾನ್ ಸ್ಕಾಟ್ ಗುರುತಿಸಿದನು. ಅದರ ಸಣ್ಣ ಹೂಗಳಿಗೆ ಜೇನು, ನೊಣ ಮೊದಲಾದ ಕೀಟಗಳು ಬರುತ್ತವೆ; ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಅಂಗಗಳೆರಡೂ ಇದ್ದರೂ ಈ ಮರ ಪ್ರಧಾನವಾಗಿ ಪರಕೀಯ ಪರಾಗಸ್ಪರ್ಶವನ್ನೇ ಅವಲಂಬಿಸಿದೆ. ಸ್ವಂತ ಪರಾಗದಿಂದ ಬೀಜ ಕಟ್ಟುವುದು ವಿರಳ. ಎಂದರೆ, ಬೀಜ ಹುಟ್ಟಬೇಕಾದರೆ ಕೀಟ ಹಾರಬಲ್ಲಷ್ಟು ದೂರದಲ್ಲಿ, ಬೇರೊಂದು ವಂಶದ ಮರ ಹೂಬಿಟ್ಟು ನಿಂತಿರಬೇಕು.

ಇನ್ನು ರಾಜ್ಯನೀತಿ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. ಅನಂತರದ ಮೈಸೂರು ಅರಸರೂ ಈ ಏಕಸ್ವಾಮ್ಯವನ್ನು ಮುಂದುವರಿಸಿದರು. ಮರ ರೈತನ ಹೊಲದ ಬದುವಿನಲ್ಲಿದ್ದರೂ ಒಡೆತನ ಸರ್ಕಾರದ್ದು. ಕಾಯುವ ಹೊಣೆ ಮಾತ್ರ ರೈತನದು. ಈ ಕ್ರಮ ದೊಡ್ಡ ಮರವನ್ನು ರಕ್ಷಿಸಿರಬಹುದು. ಆದರೆ ಬೇಲಿಸಾಲಿನಲ್ಲಿ ಹಕ್ಕಿ ಬೀಳಿಸಿದ ಬೀಜ ಮೊಳೆತಾಗ ಆ ಸಸಿಯನ್ನು ಉಳಿಸಿಕೊಳ್ಳಲು ರೈತನಿಗೆ ಯಾವ ಆಸಕ್ತಿಯಿತ್ತು? ಕಾಡಿನ ಒಂದು ಗುಂಪಿಗೂ ಮತ್ತೊಂದಕ್ಕೂ ನಡುವೆ ಪರಾಗದ ಸೇತುವಾಗಬಹುದಾಗಿದ್ದ ಬದುವಿನ ಮರಗಳು ಹೀಗೆ ಬೇಡವಾದವು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಸ್ಪೈಕ್ ರೋಗ ಕಾಣಿಸಿಕೊಂಡಿತು. ಎಲೆಗಳು ಕಿರಿದಾಗಿ ಸೆಟೆದು ನಿಲ್ಲುತ್ತವೆ. ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಇದಕ್ಕೆ ಕಾರಣವಾದ, ಇಂದು ಫೈಟೋಪ್ಲಾಸ್ಮ ಎಂದು ಕರೆಯುವ ಸೂಕ್ಷ್ಮಜೀವಿ ಗೊತ್ತಾದದ್ದು 1969ರಲ್ಲಿ. ಸಾವಿಗಿಂತ ಮೊದಲೇ ಈ ರೋಗ ಮತ್ತೊಂದು ಹಾನಿಯನ್ನು ಮಾಡುತ್ತದೆ: ರೋಗ ಬಲಿತ ಮರ ಹೂವು ಹಣ್ಣು ಬಿಡುವುದನ್ನೇ ನಿಲ್ಲಿಸುತ್ತದೆ. ನಿಂತಿದ್ದರೂ ಅದು ಸಂತಾನದ ಲೆಕ್ಕಕ್ಕಿಲ್ಲ. ಈ ನಡುವೆ, 1916ರಲ್ಲಿ, ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪಿತವಾಯಿತು.

ಕೊಯ್ಲಿನ ವಿಧಾನವೂ ಗಮನಾರ್ಹವಾದುದು. ಬೇರಿನಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಗಂಧದ ಮರವನ್ನು ಬುಡಸಮೇತ ಅಗೆದು ತೆಗೆಯುವುದು ವಾಡಿಕೆ. ಚೇಗು ಬಲಿತ ಮರವೇ ಬೆಲೆಯುಳ್ಳದ್ದು. ಹೆಚ್ಚು ಹೂವು ಬಿಡುವುದೂ ಹರಡಿ ಬೆಳೆದ ಆ ಮರವೇ. ಆದುದರಿಂದ ಸರ್ಕಾರಿ ಕೊಯ್ಲಾಗಲಿ ಕಳ್ಳಸಾಗಣೆಯಾಗಲಿ ಮೊದಲು ಕಿತ್ತದ್ದು ಪರಾಗ ನೀಡುವ ಹಿರಿಯ ಮರಗಳನ್ನು. ಮಣ್ಣಿನಲ್ಲಿ ಉಳಿದ ಬೇರುತುಂಡುಗಳಿಂದ ಹೊಸ ಚಿಗುರು ಏಳುತ್ತದೆ. ನೋಡುವವನಿಗೆ ಅದು ಕಾಡಿನ ಪುನರ್ಜನ್ಮದಂತೆ ಕಾಣಬಹುದು. ಆದರೆ ಒಂದೇ ಬೇರಿನಿಂದ ಎದ್ದ ಹತ್ತು ಕಾಂಡಗಳು ಆನುವಂಶಿಕವಾಗಿ ಹತ್ತು ಮರಗಳಲ್ಲ; ಒಂದೇ ಮರದ ತದ್ರೂಪಿಗಳು. ಅವುಗಳ ನಡುವೆ ಜೇನು ಎಷ್ಟು ಓಡಾಡಿದರೂ ಅದು ಸ್ವಕೀಯ ಪರಾಗಸ್ಪರ್ಶಕ್ಕೆ ಸಮಾನ.

ಈ ಅಪಾಯ ಕೇವಲ ಊಹೆಯಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಶ್ರೀಗಂಧದ ಸೋದರ ಪ್ರಭೇದವಾದ ಸ್ಯಾಂಟಲಮ್ ಲ್ಯಾನ್ಸಿಯೊಲೇಟಮ್‌ನ ಅಳಿದುಳಿದ ಗುಂಪುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವು ತದ್ರೂಪಿಗಳಾಗಿ ಹಬ್ಬಿರುವುದನ್ನೂ ಬೀಜೋತ್ಪತ್ತಿ ವಿಫಲವಾಗಿರುವುದನ್ನೂ 2000ದಲ್ಲಿ ವರದಿ ಮಾಡಿದರು. ಮರಗಳ ಎಣಿಕೆಯೂ ವಂಶಗಳ ಎಣಿಕೆಯೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಶ್ರೀಗಂಧವನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು. 2001ರ ತಿದ್ದುಪಡಿಯ ಮೂಲಕ ಕರ್ನಾಟಕವೂ, 2002ರಲ್ಲಿ ತಮಿಳುನಾಡೂ ಭೂಮಿಯ ಒಡೆಯನನ್ನೇ ಮರದ ಒಡೆಯನೆಂದು ಒಪ್ಪಿದವು. ರಾಜವೃಕ್ಷ ಹೀಗೆ ರೈತವೃಕ್ಷವಾಯಿತು. ಅಲ್ಲಿಂದೀಚೆಗೆ ಖಾಸಗಿ ತೋಟಗಳು ಎದ್ದಿವೆ. ಇದು ಸ್ವಾಗತಾರ್ಹ. ಆದರೆ ನೂರಾರು ಎಕರೆಗೆ ಬೇಕಾದ ಬೀಜವನ್ನು ಬೆರಳೆಣಿಕೆಯ ತಾಯಿಮರಗಳಿಂದ ಆರಿಸಿದರೆ, ಮರಗಳು ಹೆಚ್ಚಿದರೂ ವೈವಿಧ್ಯ ಹೆಚ್ಚದು. ಸ್ಪೈಕ್‌ನಂತಹ ರೋಗ ಮತ್ತೆ ಬಂದಾಗ ಎದುರಿಸಿ ನಿಲ್ಲಬಲ್ಲ ವಂಶ ಯಾವುದೆಂದು ಮೊದಲೇ ಹೇಳಲಾಗದು. ಆದುದರಿಂದಲೇ ಅನೇಕ ವಂಶಗಳು ಉಳಿದಿರಬೇಕು.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಕೆಲಸವಿದೆ. ಶ್ರೀಗಂಧದ ನೆಲೆ ಕರ್ನಾಟಕದ ಗಡಿಗೆ ನಿಲ್ಲುವುದಿಲ್ಲ. ಕೇರಳದ ಮರಯೂರು, ತಮಿಳುನಾಡಿನ ಜವ್ವಾದು ಬೆಟ್ಟಗಳೂ ಅದರ ತವರುಗಳೇ. ಹಳೆಯ ಅರಣ್ಯ ಕಡತಗಳಲ್ಲಿ ಎಲ್ಲಿ, ಯಾವ ವರ್ಷ, ಯಾವ ಗಾತ್ರದ ಮರಗಳನ್ನು ಕಿತ್ತರೆಂಬ ವಿವರ ದೊರೆತರೆ ಅದನ್ನು ಇಂದಿನ ಮರಗಳ ವಂಶವಾಹಿ ಪರೀಕ್ಷೆಯೊಡನೆ ಹೋಲಿಸಬಹುದು. ಆಗ ವರಮಾನದ ಲೆಕ್ಕಕ್ಕಾಗಿ ಬರೆದಿಟ್ಟ ಕಾಗದವೇ ವಂಶಾವಳಿಯ ಸಾಕ್ಷ್ಯವಾಗುವುದು. ಮುಂದಿನ ಬೀಜವನ್ನು ಎಲ್ಲಿಂದ ತರಬೇಕೆಂಬ ನಿರ್ಧಾರಕ್ಕೂ ಅದು ಆಧಾರವಾಗುವುದು.