ಮಿದುಳಿನ ಗಾಯ ಮತ್ತು ಮನೆಮಂದಿಯ ತಿಳಿವಳಿಕೆ

ಮಿದುಳಿಗೆ ಪೆಟ್ಟು ಬಿದ್ದವರಿಗೆ ಮರುಕಲಿಕೆ ಕೊಡುವ ಸಂಘಟಿತ ಪ್ರಯತ್ನ ಮೊದಲ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ ಬೆಳೆಯಿತು. ಫ್ರಾಂಕ್‌ಫರ್ಟ್‌ನಲ್ಲಿ ನರವೈದ್ಯ ಕುರ್ಟ್ ಗೋಲ್ಡ್‌ಸ್ಟೈನ್ ನಡೆಸಿದ ಸಂಸ್ಥೆಯಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆಯ ಜೊತೆಗೆ ಮಾತು, ಓದು, ಕಸುಬುಗಳ ಅಭ್ಯಾಸವೂ ದೊರೆಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉರಲ್ ಪ್ರದೇಶದ ಆಸ್ಪತ್ರೆಯಲ್ಲಿ ಇಂಥದೇ ಕೆಲಸ ಮಾಡಿದರು. ಆದರೆ ಗಮನ ಹೆಚ್ಚಾಗಿ ಗಾಯಾಳುವಿನ ಮೇಲಿತ್ತು. ಮನೆಯವರು ಬಾಗಿಲಾಚೆಯೇ ಉಳಿದರು.

1970ರ ದಶಕದಲ್ಲಿ ಸ್ಥಿತಿ ಬದಲಾಯಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಒಳಚಿತ್ರ ತೆಗೆಯುವ ಸಿ.ಟಿ. ಸ್ಕ್ಯಾನ್ ನಡೆಯಿತು. ತುರ್ತು ಚಿಕಿತ್ಸೆಯೂ ಸುಧಾರಿಸಿ, ಹಿಂದೆ ಸಾಯುತ್ತಿದ್ದವರಲ್ಲಿ ಅನೇಕರು ಬದುಕಿ ಮನೆ ಸೇರಿದರು. ಕೈಕಾಲು ಸರಿಹೋದರೂ ಸ್ವಭಾವ ಮೊದಲಿನಂತಿರಲಿಲ್ಲ: ಸಿಟ್ಟು, ಮರೆವು, ಮಗುವಿನಂಥ ಹಟ, ಯಾವುದಕ್ಕೂ ಉತ್ಸಾಹವಿಲ್ಲದಿರುವುದು. ಆಸ್ಪತ್ರೆಯಲ್ಲಿ ಕಾಣದ ಈ ತೊಂದರೆಗಳೆಲ್ಲ ಹೆಂಡತಿಯ, ತಾಯಿಯ ಪಾಲಿಗೆ ಬಂದವು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮ್ಯೂರಿಯಲ್ ಲೆಜಾಕ್ 1978ರ ಲೇಖನದಲ್ಲಿ ಮನೆಯವರ ಈ ಕಷ್ಟವನ್ನು ನೇರವಾಗಿ ಎತ್ತಿಕೊಂಡರು. ಆರೈಕೆ ಮಾಡುವವರಿಗೆ ಸಿಟ್ಟು, ದುಃಖ ಬರುವುದು ಸಹಜ. ಅವರು ಮೊದಲು ತಮ್ಮನ್ನು ನೋಡಿಕೊಳ್ಳಬೇಕು. ರೋಗಿಯ ಸ್ವಭಾವವನ್ನು ಬದಲಿಸುವ ಶಕ್ತಿ ಅವರಿಗೆ ಹೆಚ್ಚೇನೂ ಇಲ್ಲವಾದ್ದರಿಂದ ತಪ್ಪಿತಸ್ಥರೆಂದು ಕೊರಗಬೇಕಿಲ್ಲ ಎಂಬುದು ಅದರ ಸಾರ. ವ್ಯಾಯಾಮದ ಪಟ್ಟಿಗಿಂತ ಇಂಥ ಮಾತೇ ಮನೆಮಂದಿಗೆ ಹೆಚ್ಚು ಬೇಕಾಗಿತ್ತು.

ಮುಂದಿನ ಹೆಜ್ಜೆಯಲ್ಲಿ ಕುಟುಂಬಗಳದೂ ದೊಡ್ಡ ಪಾಲು. 1979ರಲ್ಲಿ ಬ್ರಿಟನ್ನಿನಲ್ಲಿ ಹೆಡ್‌ವೇ, 1980ರಲ್ಲಿ ಅಮೆರಿಕದಲ್ಲಿ ನ್ಯಾಷನಲ್ ಹೆಡ್ ಇಂಜುರಿ ಫೌಂಡೇಶನ್ ಎಂಬ, ಮಿದುಳಿಗೆ ಪೆಟ್ಟು ಬಿದ್ದವರಿಗೂ ಅವರ ಮನೆಮಂದಿಗೂ ನೆರವಾಗುವ ಸಂಸ್ಥೆಗಳು ಹುಟ್ಟಿದವು. ಎರಡನೆಯದು ಈಗ ಬ್ರೇನ್ ಇಂಜುರಿ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಹೆಸರಿನಲ್ಲಿ ನಡೆಯುತ್ತಿದೆ.