ಮೊಣಕೈಯ ಮೂರು ಗಂಟು: ಎಕ್ಸ್‌ರೇಗೂ ಮೊದಲಿನ ಕಥೆ

ದೇವಬಾಗದ ದಂಡೆಯಲ್ಲಿ ದೋಣಿ ಎಳೆಯುವಾಗ ಜಾರಿದವರು ಮೊದಲು ಊರುವುದು ಕೈಯನ್ನೇ. ಪೆಟ್ಟು ಹೋಗಿ ಕೂರುವುದು ಮೊಣಕೈಯಲ್ಲಿ. ಈಗ ನಾವು ಸದಾಶಿವಗಡದಿಂದ ಕಾಳಿ ಸೇತುವೆ ದಾಟಿದರೆ ಕಾರವಾರದಲ್ಲಿ ಎಕ್ಸ್‌ರೇ ಸಿಗುತ್ತದೆ. ಸೇತುವೆ ಇಲ್ಲದಾಗ ಹೊಳೆ ದಾಟಲು ದೋಣಿಯೇ ಗತಿ. ಎಕ್ಸ್‌ರೇ ಇಲ್ಲದಾಗ ವೈದ್ಯರಿಗೆ ಬೆರಳೇ ಗತಿ.

ಬೆರಳಿನ ಈ ವಿದ್ಯೆ ಬಹಳ ಹಳೆಯದು. ಸುಶ್ರುತ ಸಂಹಿತೆ ಕೀಲು ತಪ್ಪುವುದನ್ನೂ ಮೂಳೆ ಮುರಿಯುವುದನ್ನೂ ಬೇರೆ ಬೇರೆ ಮಾಡಿ ಹೇಳುತ್ತದೆ. ಮೊದಲನೆಯದರಲ್ಲಿ 6 ಬಗೆ, ಎರಡನೆಯದರಲ್ಲಿ 12 ಬಗೆ.

ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದೇ ದೇಶದ ಶಸ್ತ್ರವೈದ್ಯ ಹ್ಯೂಟರ್ ತೀರಿಕೊಂಡದ್ದು 1882ರಲ್ಲಿ. ಅವರ ಹೆಸರಿನ ತ್ರಿಕೋನವನ್ನು ವೈದ್ಯರು ಇಂದಿಗೂ ಮುಟ್ಟಿ ನೋಡುತ್ತಾರೆ. ನಿಮ್ಮ ಮೊಣಕೈ ಮಡಚಿ ನೋಡಿ. ಎರಡು ಬದಿಯ ಎರಡು ಗಂಟು, ಹಿಂದಿನ ಚೂಪು ತುದಿ, ಮೂರೂ ಸೇರಿ ತ್ರಿಕೋನ. ಕೈ ನೆಟ್ಟಗೆ ಮಾಡಿದರೆ ಮೂರೂ ಒಂದೇ ಗೆರೆ. ಕೀಲು ತಪ್ಪಿದರೆ ಈ ಲೆಕ್ಕ ಕೆಡುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಆಗುವಂತೆ ಮೊಣಕೈ ಮೇಲಿನ ಮೂಳೆ ಮುರಿದರೆ ಊತವಿದ್ದರೂ ಲೆಕ್ಕ ಕೆಡುವುದಿಲ್ಲ.

2008ರಲ್ಲಿ ಇಂಗ್ಲೆಂಡಿನ ವೈದ್ಯರು ಇನ್ನೂ ಸರಳ ಪರೀಕ್ಷೆಯೊಂದನ್ನು ಅಳೆದು ನೋಡಿದರು. ಪೆಟ್ಟು ಬಿದ್ದವರು ತಾವಾಗಿ ಕೈ ಪೂರ್ತಿ ನೆಟ್ಟಗೆ ಮಾಡಬಲ್ಲರೇ? ಮಾಡಿದವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಮಾತ್ರ ಮೂಳೆ ಮುರಿದಿತ್ತು. ಆಗದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಮುರಿದಿತ್ತು. ಆದರೆ ಆಗದ ಕೈಯನ್ನು ನಾವು ಹಿಡಿದು ಎಳೆಯಬಾರದು.

ನಮ್ಮ ಊರುಗಳಲ್ಲಿ ಬಿದಿರ ದಬ್ಬೆ ಕಟ್ಟುವ ನಾಟಿ ವೈದ್ಯರ ಮೇಲೆ ಜನರಿಗೆ ನಂಬಿಕೆ ಇದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು ಎಂದು ಸುಶ್ರುತ ಸಂಹಿತೆಯೇ ಎಚ್ಚರಿಸಿದೆ. 1881ರಲ್ಲಿ ಜರ್ಮನಿಯ ಫೋಕ್‌ಮನ್, ಬಿಗಿ ಕಟ್ಟಿನಿಂದ ರಕ್ತ ನಿಂತು ಕೈಯ ಸ್ನಾಯು ಸೆಟೆದು ಬೆರಳು ಕೊಕ್ಕೆಯಾಗುವುದನ್ನು ಬರೆದರು. ಹಾಗೆ ಒಮ್ಮೆ ಹಾಳಾದ ಸ್ನಾಯು ಮೊದಲಿನಂತಾಗುವುದು ಕಷ್ಟ.

ಹಾಗಾಗಿ ಪೆಟ್ಟು ಬಿದ್ದಾಗ ಎಣ್ಣೆ ಹಾಕಿ ತಿಕ್ಕಬೇಡಿ. ಕೈ ಹೇಗಿದೆಯೋ ಹಾಗೇ ಬಟ್ಟೆಯ ಆಸರೆ ಕೊಟ್ಟು ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಬೆರಳು ನೋಡುತ್ತಿರಿ. ತಣ್ಣಗಾದರೆ, ಬಿಳಿಚಿದರೆ, ಜುಮ್ಮೆಂದರೆ, ಬೆರಳು ಬಿಡಿಸಿದಾಗ ಜೀವ ಹೋಗುವಷ್ಟು ನೋವಾದರೆ ಕಟ್ಟನ್ನು ತಕ್ಷಣ ಸಡಿಲಿಸಿ. ಆಸ್ಪತ್ರೆ ಮುಟ್ಟಿದ ಕೂಡಲೇ ವೈದ್ಯರಿಗೆ ಮೊದಲು ಹೇಳಬೇಕಾದ ಮಾತೂ ಇದೇ.