ಒಂದೇ ಪಂಕ್ತಿ, ಹಲವು ಎಲೆ

ಹಬ್ಬದೂಟದ ಪಂಕ್ತಿಯಲ್ಲಿ ಬಡಿಸುವವರು ಒಬ್ಬರೇ ಇದ್ದರೂ ಕೈ ಚುರುಕಾಗಿದ್ದರೆ ಸಾಕು, ಎಲೆಯ ಮುಂದೆ ಕುಳಿತ ಪ್ರತಿಯೊಬ್ಬರಿಗೂ ತಮ್ಮನ್ನೇ ವಿಚಾರಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಒಂದು ಗಣಕಯಂತ್ರವನ್ನು ಹತ್ತಾರು ಮಂದಿ ಒಟ್ಟಿಗೇ ಬಳಸುವ ಉಪಾಯವೂ ಇಷ್ಟೇ.

1961ರ ನವೆಂಬರಿನಲ್ಲಿ ಎಂ.ಐ.ಟಿ.ಯ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಮೊದಲು ತೋರಿಸಿದರು. ಆವರೆಗೆ ತೂತು ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಗಂಟೆಗಟ್ಟಲೆ ಕಾಯಬೇಕಿತ್ತು; ಒಂದು ಅಲ್ಪವಿರಾಮ ತಪ್ಪಿದರೆ ಮತ್ತೆ ಸರದಿ. ಸಿ.ಟಿ.ಎಸ್.ಎಸ್. ಯಂತ್ರದ ಕಾಲವನ್ನು ಚೂರು ಚೂರು ಮಾಡಿ ಎಲ್ಲರಿಗೂ ಹಂಚಿತು. ಎಲ್ಲರ ಕಡತಗಳೂ ಒಂದೇ ಉಗ್ರಾಣ ಸೇರಿದ ಮೇಲೆ ಯಾರದು ಯಾವುದೆಂಬ ಪ್ರಶ್ನೆ ಎದ್ದಿತು. ಪಾಸ್‌ವರ್ಡ್ ಬಂದದ್ದು ಹಾಗೆ. ಆದರೂ 1966ರಲ್ಲಿ ಒಂದು ಫಜೀತಿಯಾಯಿತು. ಎರಡು ಕಡತಗಳು ಅದಲುಬದಲಾಗಿ, ಅಂದಿನ ಪ್ರಕಟಣೆ ಬರಬೇಕಾದ ಕಡೆ ಎಲ್ಲರ ಪಾಸ್‌ವರ್ಡುಗಳೂ ಒಳಬಂದವರ ಮುಂದೆಲ್ಲ ಅಚ್ಚಾಗತೊಡಗಿದವು!

1965ರಲ್ಲಿ ಎಂ.ಐ.ಟಿ., ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಮಲ್ಟಿಕ್ಸ್ ಎಂಬ ಭಾರೀ ವ್ಯವಸ್ಥೆಗೆ ಕೈಹಾಕಿದವು. ಕೆಲಸ ಎಳೆಯಿತು, 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಬಂತು. ನಮ್ಮ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ, ನಮ್ಮಲ್ಲಿ ಅನೇಕರು ಕಾರಿನಲ್ಲಿ ಹಾದುಹೋಗುವ ಆ ಕಟ್ಟಡದಲ್ಲಿ, ಕೆನ್ ಥಾಂಪ್ಸನ್ ಒಂದು ಹಳೆಯ ಪಿ.ಡಿ.ಪಿ.-7 ಯಂತ್ರವನ್ನು ಹಿಡಿದು ಕೂತರು. ಅವರ ಪತ್ನಿ ಮಗುವನ್ನು ಕರೆದುಕೊಂಡು ಅತ್ತೆಮನೆಗೆ ಹೋಗಿದ್ದ ಸುಮಾರು ಮೂರು ವಾರಗಳಲ್ಲಿ ಯುನಿಕ್ಸ್‌ನ ಮೊದಲ ರೂಪ ಸಿದ್ಧವಾಯಿತು. (ಆ ಅತ್ತೆಮಾವಂದಿರಿಗೆ ಗಣಕ ಲೋಕ ಕೃತಜ್ಞವಾಗಿರಬೇಕು.) 1973ರಲ್ಲಿ ಡೆನಿಸ್ ರಿಚಿಯವರ ಸಿ ಭಾಷೆಯಲ್ಲಿ ಅದನ್ನು ಮತ್ತೆ ಬರೆದ ಮೇಲೆ ಬೇರೆ ಬೇರೆ ಯಂತ್ರಗಳಿಗೆ ಒಯ್ಯುವುದು ಸುಲಭವಾಯಿತು. ಯುನಿಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಒಡೆಯನಿದ್ದಾನೆ. ಅವನಿಗೆ, ಅವನ ಗುಂಪಿಗೆ, ಉಳಿದವರಿಗೆ ಬೇರೆ ಬೇರೆ ಹಕ್ಕು. ನಮ್ಮ ಹಳೆಯ ಮನೆಗಳ ದೇವರ ಕೋಣೆ, ನಡುಮನೆ, ಜಗಲಿ ಇದ್ದ ಹಾಗೆ.

1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ ಈ ಗೋಡೆಗಳೇ ಇರಲಿಲ್ಲ. ಡಾಸ್‌ಗೆ ಒಡೆಯನೆಂಬ ಕಲ್ಪನೆಯೇ ಇಲ್ಲ. ಒಬ್ಬನಿಗೇ ಒಂದು ಯಂತ್ರ ಎಂದಾಗ ಬೀಗವೇಕೆ ಎಂಬ ಲೆಕ್ಕಾಚಾರ ತಪ್ಪೇನಲ್ಲ. ಆದರೆ ನಮ್ಮ ಮನೆಗಳಲ್ಲಿ ಯಾವ ವಸ್ತು ತಾನೆ ಒಬ್ಬರದಾಗಿತ್ತು? ತೊಂಬತ್ತರ ದಶಕದಲ್ಲಿ ಅಮ್ಮ ಊರಿನಿಂದ ಬಂದು ಆರು ತಿಂಗಳಿದ್ದಾಗ ಹೇಳಿದ ಮನೆತನದ ಕಥೆಗಳನ್ನು ನಾವು ದಿನವೂ ರಾತ್ರಿ ಕೂತು ಟೈಪು ಮಾಡಿದ್ದೆವು. ಅಮ್ಮ ಹಿಂತಿರುಗಿದ ಮೇಲೊಂದು ದಿನ, ಆಟವೊಂದಕ್ಕೆ ಜಾಗ ಸಾಲದೆಂದು ಮಗ ಅದನ್ನೆಲ್ಲ ಅಳಿಸಿಬಿಟ್ಟ. ಅದು ಯಾರದೆಂದು ಯಂತ್ರ ಕೇಳಲಿಲ್ಲ. ಪ್ರತಿ ತೆಗೆದಿಡದ ತಪ್ಪು ನಮ್ಮದೇ.

ಮನೆಯ ಯಂತ್ರಕ್ಕೆ ಗೋಡೆ ಕಟ್ಟಲು ಬೇಕಾದ ಸಾಮಗ್ರಿ ಆಗಲೇ ಇತ್ತು. 1985ರ ಇಂಟೆಲ್ 80386 ಚಿಪ್ಪು ಒಬ್ಬರ ಸ್ಮೃತಿಗೆ ಇನ್ನೊಬ್ಬರು ಕೈಹಾಕದಂತೆ ತಡೆಯಬಲ್ಲದಾಗಿತ್ತು. ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದ್ದು ಅಂಥ ಒಂದು ಪಿ.ಸಿ.ಯ ಮೇಲೆ. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್.ಟಿ. ತಂದರೂ ಅದರ ತಿರುಳು ಸಾಮಾನ್ಯರ ಮನೆಗೆ ಬಂದದ್ದು 2001ರ ಎಕ್ಸ್.ಪಿ.ಯೊಡನೆ. ಅದೇ ವರ್ಷ ಮ್ಯಾಕ್ ಕೂಡ ಯುನಿಕ್ಸ್ ವಂಶಕ್ಕೆ ಸೇರಿತು.

ಈಗ ಜೇಬಿನ ಆಂಡ್ರಾಯ್ಡ್ ಫೋನನ್ನು ಬಳಸುವವರು ಒಬ್ಬರೇ. ಆದರೆ ಒಳಗಿರುವ ಲಿನಕ್ಸ್ ಪ್ರತಿ ಆ್ಯಪನ್ನೂ ಒಬ್ಬೊಬ್ಬ ಬೇರೆ ಬಳಕೆದಾರನೆಂದೇ ಎಣಿಸಿ, ಒಂದರ ಕಡತ ಇನ್ನೊಂದಕ್ಕೆ ಸಿಗದಂತೆ ಕಾಯುತ್ತದೆ.

ಅಮ್ಮ ಮುಂದಿನ ಸಲ ಬಂದಾಗ ಕಥೆಗಳನ್ನು ಮತ್ತೆ ಹೇಳಿದರು. ಮಗನೇ ಕೂತು ಬರೆದುಕೊಂಡ. ಮೊದಲ ಸಲ ಹೇಳಿದ್ದ ಕೆಲವು ಹೆಸರುಗಳು ಮಾತ್ರ ಅವರಿಗೆ ನೆನಪಾಗಲಿಲ್ಲ.